ದೂರ ಹೊಂಟ್ರೇನು?

ನಮ್ಮ ಕಾರಿನಲ್ಲಿ ಕಂಪನಿಯವರೇ ಕೂಡಿಸಿದ್ದ ದಾರಿ ಹೇಳುವ ಒಂದು ಮ್ಯಾಪಿನ ಪೆಟ್ಟಿಗೆ ಇತ್ತು. ಕಾರನ್ನು ನಾವು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವರು. ನಮ್ಮ ಕೈಗೆ ಬರುವ ಹೊತ್ತಿಗೆ ಪೆಟ್ಟಿಗೆ ಕಾರಿಗಿಂತ ಮೊದಲೇ ಮುದಿಯಾಗಿತ್ತು. ಕೂಡ್ಲಿಗಿಯ ಬೈಪಾಸ್ ಹತ್ತಿದರೆ ಸಾಕು, ಪರದೆಯ ಮೇಲೆ ರಸ್ತೆ ಮಾಯವಾಗಿ, ಕಾರು ಯಾರದೋ ಹೊಲದ ನಡುವೆ ಓಡುತ್ತಿರುವಂತೆ ಕಾಣುತ್ತಿತ್ತು. ಪೆಟ್ಟಿಗೆಯೊಳಗಿನ ದನಿಯ ಹೆಂಗಸು ವಾಪಸ್ ತಿರುಗಿ, ವಾಪಸ್ ತಿರುಗಿ ಎಂದು ಇಂಗ್ಲಿಷಿನಲ್ಲಿ ಒಂದೇ ಸಮನೆ ಗೋಗರೆಯುತ್ತಿದ್ದಳು. "ಸುಮ್ನಿರಬೇ, ನೀ ಹುಟ್ಟೋಕಿಂತ ಮೊದ್ಲ ಈ ಸೀಮಿ ತುಳಿದಾವ ನಾನು" ಎಂದು ನನ್ನ ಗಂಡ ಅವಳಿಗೆ ಉತ್ತರ ಕೊಡುತ್ತಿದ್ದರು. ನನ್ನೊಂದಿಗೆ ಆಡುವುದಕ್ಕಿಂತ ಹೆಚ್ಚು ಮಾತು ಅವಳೊಂದಿಗೇ. ನಾನು ಅವಳಿಗೆ ಸವತಿ ಎಂದು ಹೆಸರಿಟ್ಟಿದ್ದೆ.

ಆ ಪೆಟ್ಟಿಗೆ ಈಗ ಇಲ್ಲ. ಅದರ ಜಾಗದಲ್ಲಿ ಅಗಲ ಪರದೆಯ ಹೊಸದು ಕೂತಿದೆ. ಹಾಕಿಸಿದವಳು ನಾನೇ. ಅದರಿಂದ ಏನೂ ಉಳಿಯಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಎಲ್ಲ ಸರಿಹೋಗುತ್ತದೆ ಎಂದು ಕಾಯುತ್ತ ಕೂರುವ ಕಷ್ಟ ಓದುವವರಿಗೆ ಬೇಡ.

ನಾವು ಕೊಟ್ಟೂರಿನವರು. ಗಂಡನದು ಚಹಾಪುಡಿಯ ವ್ಯಾಪಾರ. ಗೋಣಿಯಲ್ಲಿ ಬಂದ ಪುಡಿಯನ್ನು ಮನೆಯ ಹಿಂದಿನ ಕೋಣೆಯಲ್ಲಿ ಹದ ನೋಡಿ ಬೆರೆಸಿ, ಪಾಕೀಟು ಮಾಡಿ, ಸುತ್ತಲಿನ ತಾಲ್ಲೂಕುಗಳ ಚಹಾ ಹೋಟೆಲುಗಳಿಗೆ ತಾವೇ ಮುಟ್ಟಿಸಿ ಬರುತ್ತಿದ್ದರು. ಇದಕ್ಕೆ ನಮ್ಮ ಕಡೆ ಲೈನಿಗೆ ಹೋಗುವುದು ಎನ್ನುತ್ತಾರೆ. ಒಂದು ದಿನ ಕೂಡ್ಲಿಗಿ, ಹೊಸಹಳ್ಳಿ. ಒಂದು ದಿನ ಹಗರಿಬೊಮ್ಮನಹಳ್ಳಿ. ಮತ್ತೊಂದು ದಿನ ಹಡಗಲಿ, ಇಲ್ಲವೇ ಹರಪನಹಳ್ಳಿ. ಕೂಡ್ಲಿಗಿಯವರಿಗೆ ಕಡಕ್ ಬೇಕು, ಹಡಗಲಿಯವರಿಗೆ ಬಣ್ಣ ಬೇಕು, ನಿಮ್ಮ ಹರಪನಹಳ್ಳಿಯವರಿಗೆ ಸಕ್ಕರೆ ಸುರಿದರೆ ಸಾಕು, ಪುಡಿ ಯಾವುದಾದರೂ ನಡೆಯುತ್ತದೆ ಎಂದು ನನ್ನ ತವರನ್ನು ಚುಚ್ಚದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ಯಾರಾದರೂ ದಾರಿ ಕೇಳಿದರೂ ಹೋಟೆಲಿನ ಮೇಲೆಯೇ ಹೇಳುತ್ತಿದ್ದರು. ಮಂಡಕ್ಕಿ ಒಗ್ಗರಣೆ ಚೆನ್ನಾಗಿರುವ ಹೋಟೆಲಿನ ಹತ್ತಿರ ಬಲಕ್ಕೆ ಹೊರಳು, ಮಿರ್ಚಿಗೆ ಎಣ್ಣೆ ಕುಡಿಸುವವನ ಅಂಗಡಿ ದಾಟಿ ಎಡಕ್ಕೆ ಹೋಗು ಎಂದು. ಹಬ್ಬಕ್ಕೆ ಎರಡು ದಿನ ಮನೆಯಲ್ಲಿ ಕೂತರೆ ಅವರ ಮುಖ ಬಾಡುತ್ತಿತ್ತು. ಲೈನು ನಿಂತರೆ ಈ ಮನುಷ್ಯನೂ ನಿಂತ ಹಾಗೆ ಎಂಬುದು ನನಗೆ ಮದುವೆಯಾದ ವರ್ಷವೇ ತಿಳಿದಿತ್ತು.

ಅದೇ ವರ್ಷ ತಿಳಿದ ಇನ್ನೊಂದು ಸಂಗತಿಯೂ ಇದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಇದು ಎಲ್ಲರ ಮನೆಯಲ್ಲೂ ಇರುವ ಮಾತೇ. ನನ್ನ ತವರಿನಲ್ಲಿ ಬಾಯಿ ತಪ್ಪಿ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಇಲ್ಲಿ ಹಾಗಲ್ಲ. ಹೊಸ ಸೊಸೆಯಾಗಿ ಬಂದ ಮೊದಲ ವಾರ, ಚಪ್ಪಲಿ ಮೆಟ್ಟುತ್ತಿದ್ದ ಗಂಡನನ್ನು ಎಲ್ಲಿಗೆ ಎಂದು ಕೇಳಿಬಿಟ್ಟೆ. ಅತ್ತೆ ಒಳಗಿನಿಂದ ಓಡಿ ಬಂದು ಮಗನನ್ನು ಮತ್ತೆ ಕೂಡಿಸಿ, ನೀರು ಕುಡಿಸಿ, "ಎಲ್ಲಿಗೆ ಅಂದ್ರ ಹೊಂಟ ಕೆಲಸ ಕೆಡ್ತೈತವ್ವ. ದೂರ ಹೊಂಟ್ರೇನು ಅನ್ಬೇಕು" ಎಂದರು. ಎಲ್ಲಿಗೆ ಎಂಬ ಮಾತು ನನ್ನ ಬಾಯಲ್ಲಿ ಅಲ್ಲಿಗೇ ನಿಂತಿತು. ಅಂದಿನಿಂದ ನಾನು ಬಾಗಿಲಲ್ಲಿ ನಿಂತು "ದೂರ ಹೊಂಟ್ರೇನು?" ಎನ್ನುವುದು, ಅವರು ಹತ್ತಿರ ಹೋಗುವುದಿದ್ದರೆ "ಇಲ್ಲೇ" ಎನ್ನುವುದು, ಲೈನಿಗೆ ಹೊರಟಿದ್ದರೆ "ಹೂಂ, ದೂರ" ಎನ್ನುವುದು. ಅತ್ತೆ ಹೋದ ಮೇಲೂ ಇದು ನಡೆದುಕೊಂಡೇ ಬಂತು. ಮಾತಿಗಿಂತ ಹೆಚ್ಚಾಗಿ ಬಾಗಿಲ ಚಿಲಕ ಹಾಕಿದಂತೆ, ಕೈಯ ಅಭ್ಯಾಸ.

ಹೋದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಹಡಗಲಿಯ ಹೋಟೆಲಿನವರೊಬ್ಬರು ಮನೆಗೆ ಫೋನು ಮಾಡಿದರು. ನಮ್ಮ ಹಳೆಯ ಗಿರಾಕಿ, ನಮ್ಮ ಮಗಳ ಮದುವೆಯಲ್ಲಿ ಪಂಕ್ತಿಗೆ ನಿಂತು ಬಡಿಸಿದವರು.

"ಅಕ್ಕಾರ, ಸಾವ್ಕಾರ್ರು ಯಾಕ ಈ ಕಡಿ ಬರವಲ್ರು? ಆರಾಮ ಅದಾರಿಲ್ಲೋ? ಪುಡಿ ಖಾಲಿ ಆಗಿ ನಾ ಬ್ಯಾರೆ ಕಡಿ ತಗೊಳ್ಳಾಕ ಹತ್ತಿ ಭಾಳ ದಿನ ಆತು."

ನನಗೆ ನಗು ಬಂತು. "ನಿಮ್ಮ ಲೈನಿಗೇ ಹೋಗ್ಯಾರಲ್ರಿ ಮುಂಜಾನಿ. ಹೋದ ವಾರನೂ ಬಂದಿದ್ರು" ಎಂದೆ.

ಅವರು ಮೆಲ್ಲಗೆ, "ಬಂದಿಲ್ರಿ ಅಕ್ಕಾರ" ಎಂದರು.

ಸಂಜೆಗೆ ಆ ಹೋಟೆಲಿನವರದೇ ಫೋನು ಮತ್ತೆ ಬಂತು. ಹುಡುಕಿಕೊಂಡು ಹೋದ ಅವರಿಗೆ ಕಾರು ಮಾಗಳದ ಹೊಳೆಯ ದಂಡೆಯಲ್ಲಿ ಸಿಕ್ಕಿತ್ತು. ನೀರಿಗೆ ಮುಖ ಮಾಡಿ ನಿಂತಿದೆ, ಇಂಜಿನ್ ಓಡುತ್ತಿದೆ, ಗಂಡ ಸ್ಟೀರಿಂಗ್ ಹಿಡಿದು ಕೂತಿದ್ದಾರೆ, ಪೆಟ್ಟಿಗೆಯ ಹೆಂಗಸು ವಾಪಸ್ ತಿರುಗಿ ಎನ್ನುತ್ತಲೇ ಇದ್ದಾಳೆ. ಹಿಂದಿನ ಸೀಟಿನಲ್ಲಿ ಪಾಕೀಟುಗಳ ಡಬ್ಬ ಕಟ್ಟಿದ ಹಗ್ಗ ಬಿಚ್ಚದೆ ಹಾಗೇ ಇತ್ತು. ಆ ಪುಣ್ಯಾತ್ಮರು ತಾವೇ ಕಾರು ನಡೆಸಿಕೊಂಡು, ಇವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕೊಟ್ಟೂರಿಗೆ ತಂದು ಬಿಟ್ಟು ಬಸ್ಸಿಗೆ ಹೋದರು.

"ಆಯಮ್ಮ ಹಾದಿ ತಪ್ಪಿಸಿ ಹೊಳಿಗೆ ಕರ್ಕೊಂಡು ಹೋದ್ಲು" ಎಂದರು ನನ್ನ ಗಂಡ. ಇಷ್ಟು ವರ್ಷ ಅವಳ ಒಂದು ಮಾತನ್ನೂ ಕೇಳದಿದ್ದ ಮನುಷ್ಯ.

ಆದರೂ ಅದನ್ನು ಎಲ್ಲರೂ ಎಷ್ಟು ಬೇಗ ಒಪ್ಪಿದರು! ಓಣಿಯವರು ಒಪ್ಪಿದರು, ನಾದಿನಿ ಒಪ್ಪಿದಳು. ಹಳೇ ಮ್ಯಾಪು, ಹೊಸ ರಸ್ತೆ, ಮತ್ತೇನಾಗುತ್ತದೆ ಎಂದರು. ಹರಪನಹಳ್ಳಿಯಲ್ಲಿರುವ ಮಗಳು ಮಾತ್ರ ಫೋನಿನಲ್ಲಿ, "ಅಮ್ಮ, ಅಪ್ಪನ್ನ ದಾವಣಗೆರೆಗೆ ಕರ್ಕೊಂಡು ಬಾ, ಡಾಕ್ಟ್ರಿಗೆ ತೋರ್ಸಣ" ಎಂದಳು. ನನಗೆ ಸಿಟ್ಟು ಬಂತು. ಜ್ವರವಿಲ್ಲ, ನೆಗಡಿಯಿಲ್ಲ, ತೋರಿಸುವುದು ಏನನ್ನು ಎಂದು ಕೂಗಾಡಿ ಫೋನಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ಎಷ್ಟು ಸಲ ಬೇರೆಯವರ ಮೇಲೆ ಎಸೆದಿದ್ದೇನೋ. ಈಗ ಕಬ್ಬಿಣ ಕಾಯಿಸಿ ಹಿಡಿದವಳು ನಾನೇ. ಪೆಟ್ಟಿಗೆ ಬದಲಾಯಿಸಬೇಕು, ಅಷ್ಟೇ ಎಂದು ತೀರ್ಮಾನಿಸಿದೆ.

ಕಂಪನಿಯ ಶೋರೂಮಿಗೆ ಫೋನು ಮಾಡಿದರೆ ಆ ಮಾಡೆಲ್ಲಿಗೆ ಹೊಸ ಮ್ಯಾಪು ಬರುವುದು ಯಾವತ್ತೋ ನಿಂತಿದೆ ಎಂದರು. ಹಾಗಾಗಿ ಸ್ಟೇಷನ್ ರಸ್ತೆಯ ವೈರಿಂಗ್ ಭಾಯಿಯ ಅಂಗಡಿಗೆ ಹೋದೆವು. ನಮ್ಮ ಹಳೆಯ ಓಮ್ನಿಗೆ ಹಾಡಿನ ಟೇಪು ಕೂಡಿಸಿದವನೂ ಅವನೇ. ಕೆಲಸಕ್ಕಿಂತ ಮಾತು ಜಾಸ್ತಿ. ಎರಡು ಸಲ ತಪ್ಪು ವೈರು ಕೂಡಿಸಿ, ವೈಪರ್ ಒತ್ತಿದರೆ ಹಾರ್ನ್ ಬರುವಂತೆ ಮಾಡಿದ್ದ. ಆದರೆ ಮನಸ್ಸು ಒಳ್ಳೆಯದು.

"ಆಂಡ್ರಾಯ್ಡ್ ಸೆಟ್ ಹಾಕಿಬಿಡೂಣ್ರಿ ಅಕ್ಕಾರ. ನಿಮ್ಮ ಫೋನಿನ ನೆಟ್ ಕೊಟ್ರ ಸಾಕು, ಕನ್ನಡದಾಗ ಮಾತಾಡ್ತೈತಿ. ಕಾಕಾ ಕಣ್ಣು ಮುಚ್ಕೊಂಡು ಲೈನ್ ಮಾಡಬೋದು" ಎಂದ.

ಕಣ್ಣು ಮುಚ್ಚಿಕೊಂಡು ಎಂಬ ಮಾತು ನನಗೆ ಹಿಡಿಸಲಿಲ್ಲ. ಆದರೂ ತಲೆಯಾಡಿಸಿದೆ.

ಅವನು ಡ್ಯಾಶ್‌ಬೋರ್ಡಿನ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಚೌಕಟ್ಟು ಎಬ್ಬಿಸಿದ. ಪೆಟ್ಟಿಗೆ ಹೊರಗೆ ಬಂದ ಕೂಡಲೇ ಅದರ ಹಿಂದಿನಿಂದ ಚಹಾಪುಡಿ ಬಳಬಳ ಉದುರಿತು. ವರ್ಷಗಟ್ಟಲೆ ಪಾಕೀಟಿನಿಂದ ಸೋರಿದ ಪುಡಿ ಎಸಿಯ ಗಾಳಿಯೊಂದಿಗೆ ಹೋಗಿ ಅಲ್ಲಿ ಕೂತಿತ್ತು. ಇಡೀ ಅಂಗಡಿ ಘಮ್ಮೆಂದಿತು.

"ಯಾ ಅಲ್ಲಾ, ಕಾರಿನ ಹೊಟ್ಟ್ಯಾಗ ಚಾ ಕಾಸಾಕ ಹತ್ತೀರೇನ್ರಿ ಕಾಕಾ?" ಎಂದು ಭಾಯಿ ನಕ್ಕ.

ನನ್ನ ಗಂಡ ನಗಲಿಲ್ಲ. ಬೆರಳಿಗೆ ಸ್ವಲ್ಪ ಪುಡಿ ತಗಲಿಸಿಕೊಂಡು ಮೂಸಿ, "ಹಡಗಲಿ ಪುಡಿ" ಎಂದರು. ಮತ್ತೆ ಮೂಸಿ, "ಕೂಡ್ಲಿಗೀದೂ ಐತಿ" ಎಂದರು. ನನ್ನ ಜೀವ ಹಿಗ್ಗಿಹೋಯಿತು. ವಾಸನೆಯ ಮೇಲೆ ಊರು ಹೇಳುವವರಿಗೆ ಏನಾಗಿದೆ, ಮಣ್ಣು ಎಂದುಕೊಂಡೆ. ಆಗ ಅವರು ನೆಲಕ್ಕಿಟ್ಟ ಹಳೆಯ ಪೆಟ್ಟಿಗೆಯನ್ನು ನೋಡಿದರು. ಭಾಯಿ ಅದರ ವೈರುಗಳನ್ನು ಕತ್ತರಿಸಿ ಬಿಟ್ಟಿದ್ದ.

"ಈಕಿನ್ನ ಎಲ್ಲಿ ಬಿಡ್ತೀಯಪ್ಪ?"

"ಗುಜರಿಗೆ ಹಾಕ್ತೀನ್ರಿ ಕಾಕಾ."

"ಪಾಪ, ಹಾದಿ ಗೊತ್ತಿಲ್ಲದಾಕಿ" ಎಂದರು ನನ್ನ ಗಂಡ. "ಒಬ್ಬಾಕಿನ ಬಿಡಬ್ಯಾಡ."

ಭಾಯಿ ಇದನ್ನೂ ತಮಾಷೆ ಎಂದೇ ತಿಳಿದ. ನಾನೂ ಹಾಗೆ ತಿಳಿಯಲು ನೋಡಿದೆ.

ಹೊಸ ಸೆಟ್ ಕೂತಿತು. ಆಂಟೆನಾ ವೈರನ್ನು ಗಾಜಿನ ಕೆಳಗೆ ಎಳೆದು ಅಂಟಿಸಿದ. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದ. ಗಂಡನನ್ನು ಡ್ರೈವರ್ ಸೀಟಿಗೆ ಕೂಡಿಸಿ, ಕೀ ತಿರುಗಿಸ್ರಿ ಎಂದ. ತಿರುಗಿಸಿದರು. ಪರದೆ ಬೆಳಗಿ ಇಡೀ ಕೊಟ್ಟೂರು ಅಂಗೈಯಗಲ ಮೂಡಿತು, ರೈಲ್ವೆ ಗೇಟು, ಬಸ್ ಸ್ಟ್ಯಾಂಡು, ನಮ್ಮ ಓಣಿ ಸಮೇತ. ಎಲ್ಲಕ್ಕೂ ಮೇಲೆ ಒಂದು ಬಿಳಿ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಎಲ್ಲಿಗೆ?

ನನ್ನ ಗಂಡ ಬಿಸಿ ಮುಟ್ಟಿದವರಂತೆ ಕೈ ಹಿಂದೆಗೆದುಕೊಂಡರು.

"ಹೊಂಟವರ್ನ ಎಲ್ಲಿಗೆ ಅಂತ ಕೇಳ್ತೈತಲ್ಲೋ ಇದು! ದರಿದ್ರದ್ದು! ಮೊದ್ಲ ಅದನ್ನ ಅಳಿಸು."

"ಅದು ನಮ್ಮ ಕಡೀದಲ್ರಿ ಕಾಕಾ, ಅದಕ್ಕೇನ್ ಗೊತ್ತಾಗಬೇಕು" ಎನ್ನುತ್ತ ಭಾಯಿ ಸೆಟ್ಟಿಂಗಿನ ಒಳಗೆಲ್ಲ ಹೊಕ್ಕು ಹುಡುಕಾಡಿದ. ಆ ಪ್ರಶ್ನೆಯನ್ನು ತೆಗೆಯಲು ಅವನಿಂದ ಆಗಲಿಲ್ಲ. ಮ್ಯಾಪು ಬೇಕೆಂದರೆ ಅದು ಕೇಳಿಯೇ ಕೇಳುತ್ತದೆ ಎಂದ. ಕೊನೆಗೆ ಅವನೇ ಒಂದು ದಾರಿ ಹೇಳಿದ. "ಒಂದ್ ಕೆಲ್ಸ ಮಾಡ್ರಿ. ಅದು ಕೇಳಿದ್ದಕ್ಕ ಕಾಕಾ ಉತ್ತರ ಕೊಡೋದ ಬ್ಯಾಡ. ಅಕ್ಕಾರು ಮನಿ ಮುಂದ ಊರಿನ ಹೆಸರು ಒತ್ತಿ ಕೊಟ್ಟುಬಿಡ್ರಿ. ಕಾಕಾ ಸುಮ್ನ ಹೊಡ್ಕೊಂಡು ಹೋಗ್ಲಿ."

ಎಂಥ ಒಳ್ಳೆಯ ಉಪಾಯ ಎಂದು ನಾವೆಲ್ಲ ಅವನನ್ನು ಹೊಗಳಿದೆವು. ಶಕುನದ ಭಯಕ್ಕೆ ಮಾಡಿದ ಆ ಏರ್ಪಾಡಿನಿಂದ, ಅವರು ಉತ್ತರ ಕೊಡಬೇಕಾದ ಕೊನೆಯ ಪ್ರಶ್ನೆಯೂ ಅವರ ಕೈ ತಪ್ಪಿತು.

ಅವರನ್ನು ಒಬ್ಬರನ್ನೇ ಬಿಡಲು ಧೈರ್ಯ ಸಾಲದೆ ನಾನೂ ಲೈನಿಗೆ ಹೊರಟೆ. ಮೊದಲ ಕೆಲವು ವಾರ ನಿಜಕ್ಕೂ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಬೆಳಿಗ್ಗೆ ಅಡಿಗೆ ಮುಗಿಸಿ, ಊರಿನ ಹೆಸರು ಒತ್ತಿ, ಪಕ್ಕದಲ್ಲಿ ಕೂತರೆ ಅವರು ಮೊದಲಿನಂತೆಯೇ ಓಡಿಸುತ್ತಿದ್ದರು. ಗೇರಿನಲ್ಲಿ, ಬ್ರೇಕಿನಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಹೊಸ ಹೆಂಗಸಿನದು ಪಾಠ ಒಪ್ಪಿಸುವ ಹುಡುಗಿಯ ಕನ್ನಡ. "ಮುನ್ನೂರು ಮೀಟರ್‌ಗಳಲ್ಲಿ ಬಲಕ್ಕೆ ತಿರುಗಿ" ಎಂದರೆ ನನ್ನ ಗಂಡ "ಆತು ತಾಯಿ" ಎನ್ನುತ್ತಿದ್ದರು. ಹಳೆಯವಳೊಂದಿಗೆ ಜಗಳವಾಡುತ್ತಿದ್ದವರು ಹೊಸಬಳ ಮಾತನ್ನು ಚಾಚೂ ತಪ್ಪದೆ ಕೇಳತೊಡಗಿದ್ದರು. ಅದು ಶುಭವಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಿಟಕಿಯಾಚೆ ಮೆಕ್ಕೆಜೋಳದ ಹೊಲ ನೋಡುತ್ತ, ಮದುವೆಯಾದ ಹೊಸತರಲ್ಲೂ ಹೀಗೆ ಜೊತೆಗೆ ತಿರುಗಲಿಲ್ಲವಲ್ಲ ಎಂದು ಒಳಗೊಳಗೇ ಸುಖಪಟ್ಟೆ.

ಒಂದು ದಿನ ಹಗರಿಬೊಮ್ಮನಹಳ್ಳಿಯ ಲೈನು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲು ನನ್ನ ಗಂಡನ ಮೊಟ್ಟಮೊದಲ ಗಿರಾಕಿ. ಸೈಕಲ್ಲಿನ ಮೇಲೆ ಪುಡಿ ಒಯ್ಯುತ್ತಿದ್ದ ಕಾಲದಿಂದ ಅಲ್ಲಿ ಚಹಾ ಕುಡಿಯದೆ ಊರು ಬಿಟ್ಟವರಲ್ಲ. ನಾನು ಅದೇ ಜಾಗವನ್ನು ಹುಡುಕಿ ಒತ್ತಿದ್ದೆ. ಕಾರು ಸರಿಯಾಗಿ ಅದರ ಮುಂದೆಯೇ ಹೋಗಿ ನಿಂತಿತು. "ನಿಮ್ಮ ಗಮ್ಯಸ್ಥಾನವು ಎಡಭಾಗದಲ್ಲಿದೆ" ಎಂದಳು ಅವಳು.

ಅವರು ಎಡಕ್ಕೆ ನೋಡಿದರು. ಒಲೆಯ ಹಿಂದೆ ನಿಂತಿದ್ದ ಮುದುಕ ಇವರನ್ನು ಕಂಡು ಸೌಟು ಎತ್ತಿ, ಬರ್ರಿ ಬರ್ರಿ ಎಂದು ಕೂಗುತ್ತಿದ್ದ. ಅವರು ನೋಡುತ್ತಲೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿ, ದೊಡ್ಡವರ ಸಭೆಯಲ್ಲಿ ಕೇಳುವಂತೆ ದನಿ ತಗ್ಗಿಸಿ ಕೇಳಿದರು.

"ಇಲ್ಲಿ ಯಾರದಾರಲೇ ನಮ್ಮವರು?"

ಇಳಿದು ಡಬ್ಬ ತೆಗೆದು ನಾನೇ ಒಯ್ದು ಕೊಟ್ಟೆ. ಅವರಿಗೆ ಮೈಯಲ್ಲಿ ಸರಿಯಿಲ್ಲ ಎಂದೆ. ಮುದುಕ ಗ್ಲಾಸು ಹಿಡಿದು ಕಾರಿನ ಹತ್ತಿರ ಬಂದು ಚಹಾ ಕೊಟ್ಟ. ಒಂದು ಗುಟುಕು ಕುಡಿದು ನನ್ನ ಗಂಡ, "ಪುಡಿ ಚಲೋ ಐತಿ, ಎಲ್ಲಿಂದ ತರಸ್ತೀರಿ?" ಎಂದು ಕೇಳಿದರು. ಮುದುಕ ನನ್ನ ಮುಖ ನೋಡಿದ. ನಾನು ಅಳು ತಡೆಯಲಾರದೆ ಕಾರಿನ ಹಿಂದಕ್ಕೆ ಹೋಗಿ ನಿಂತೆ.

ಅಂದು ಮರಳುವಾಗಲೂ ಅವಳು ದಾರಿ ಹೇಳಿದಳು, ಅವರು ಓಡಿಸಿದರು. ಮನೆಗೆ ಬಂದು ಮಗಳಿಗೆ ಫೋನು ಮಾಡಿದೆ. ಬರುತ್ತೇವೆ ಎಂದಷ್ಟೇ ಹೇಳಿದೆ. ಅವಳೂ ಹೆಚ್ಚು ಕೇಳಲಿಲ್ಲ.

ದಾವಣಗೆರೆಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಇವತ್ತು ಯಾವ ವಾರ ಎಂದು ಕೇಳಿದ್ದಕ್ಕೆ ನನ್ನ ಗಂಡ, "ಅದಕ್ಯಾಕ ಡಾಕ್ಟ್ರ ಬೇಕು, ಕ್ಯಾಲೆಂಡರ್ ನೋಡ್ರಿ" ಎಂದು ನಗಿಸಿದರು. ಡಾಕ್ಟರು ನಕ್ಕರು. ಆದರೆ ನನ್ನ ಗಂಡನನ್ನು ಮಗಳ ಜೊತೆ ಹೊರಗೆ ಕಳಿಸಿ ನನಗೆ ಹೇಳಿದ್ದರಲ್ಲಿ ನಗುವಂಥದು ಏನೂ ಇರಲಿಲ್ಲ. ಇದು ಮರೆವಿನ ಕಾಯಿಲೆ. ಗುಳಿಗೆಯಿಂದ ಸ್ವಲ್ಪ ನಿಧಾನವಾದೀತು, ಹಿಂದಕ್ಕೆ ಹೋಗುವುದಿಲ್ಲ. ಮೊದಲು ಸ್ಟೀರಿಂಗ್ ಬಿಡಿಸಿ ಎಂದರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ನಾನು ಏನು ಹೇಳಲಿ? ದಿನಾ ಬೆಳಿಗ್ಗೆ ಹೊರಡುತ್ತಿದ್ದರು, ಸಂಜೆ ಬರುತ್ತಿದ್ದರು. ಎಲ್ಲಿಗೆ ಎಂದು ನಮ್ಮಲ್ಲಿ ಕೇಳುವುದಿಲ್ಲ ಸಾರ್ ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಏನನ್ನೋ ಗೀಚಿಕೊಂಡರು.

ಅಂದು ಬಸ್ಸಿನಲ್ಲೇ ಹೋಗಿ ಬಸ್ಸಿನಲ್ಲೇ ಬಂದೆವು. ಬಂದ ಮೇಲೆ ಕಾರಿನ ಕೀಯನ್ನು ಅಡಿಗೆಮನೆಯ ಸಾಸಿವೆ ಡಬ್ಬಿಯ ಹಿಂದೆ ಮುಚ್ಚಿಟ್ಟೆ. ಮಂಗನ ಕೈಯಿಂದ ಮಾಣಿಕ್ಯ ಕಸಿದುಕೊಂಡಂಥ ಗೆಲುವೂ ಇಲ್ಲ, ನೆಮ್ಮದಿಯೂ ಇಲ್ಲ. ಅವರು ಎರಡು ದಿನ ಏನೂ ಕೇಳಲಿಲ್ಲ. ಹಿಂದಿನ ಕೋಣೆಯಲ್ಲಿ ಕೂತು ಪುಡಿ ಬೆರೆಸಿದರು. ಎಲ್ಲವೂ ಒಂದೇ ಬಣ್ಣ, ಒಂದೇ ಕಡಕ್.

ಮೂರನೆಯ ಬೆಳಿಗ್ಗೆ ನಾನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಇಂಜಿನ್ ಸದ್ದು ಕೇಳಿತು. ಕೀ ಎಲ್ಲಿ ಸಿಕ್ಕಿತೋ ಶಿವನೇ ಬಲ್ಲ. ಒದ್ದೆ ಸೀರೆಯನ್ನು ಕಲ್ಲಿನ ಮೇಲೆ ಬಿಟ್ಟು ಓಡಿದೆ.

ಕಾರು ಹೊರಟಿರಲಿಲ್ಲ, ಮನೆಯ ಮುಂದೆಯೇ ನಿಂತಿತ್ತು. ಅವರು ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ವಿಭೂತಿ ಹಚ್ಚಿಕೊಂಡು, ತಲೆ ಬಾಚಿ, ಲೈನಿನ ಚೀಲವನ್ನು ಪಕ್ಕದ ಸೀಟಿಗಿಟ್ಟುಕೊಂಡು ಕೂತಿದ್ದರು. ಪರದೆ ಬೆಳಗುತ್ತಿತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಬೈಪಾಸು, ಹೊಳೆ, ಎಲ್ಲ ಅದರೊಳಗಿದ್ದವು, ಒಂದು ಓಣಿಯೂ ತಪ್ಪಿರಲಿಲ್ಲ. ಮೇಲೆ ಬಿಳಿ ಪಟ್ಟಿಯಲ್ಲಿ ಎಲ್ಲಿಗೆ ಎಂದು ಕೇಳುತ್ತಿತ್ತು. ಅವರು ಅದನ್ನು ನೋಡುತ್ತಿದ್ದರು. ಸಿಟ್ಟಿರಲಿಲ್ಲ. ಯಾರಾದರೂ ಬಂದು ಉತ್ತರ ಹೇಳಿಯಾರು ಎಂದು ಸರದಿಯಲ್ಲಿ ಕಾಯುವವರ ಮುಖವಿತ್ತು.

ನಾನು ಕಿಟಕಿಯ ಹತ್ತಿರ ಹೋದೆ. ಕೇಳಬಾರದೆಂದು ಗೊತ್ತು. ಆದರೆ ಇನ್ನು ಕೆಡಲು ಏನು ಉಳಿದಿತ್ತು? ನನಗೆ ಅವರ ಬಾಯಿಂದ ಒಂದು ಊರಿನ ಹೆಸರು ಸಾಕಿತ್ತು. ಯಾವುದಾದರೂ ಸರಿ, ತಪ್ಪು ಹೆಸರಾದರೂ ಸರಿ. ಸೊಸೆಯಾಗಿ ಬಂದ ಆ ವಾರದ ನಂತರ ಮೊದಲ ಸಲ ಕೇಳಿದೆ.

"ಎಲ್ಲಿಗೆ ಹೊಂಟೀರಿ?"

ಅವರು ಬೆಚ್ಚಿ ನನ್ನ ಕಡೆ ತಿರುಗಿದರು. ಹುಬ್ಬು ಗಂಟಿಕ್ಕಿ ಅತ್ತೆಯ ಮುಖವೇ ಬಂದು ಕೂತಿತು.

"ಹೊಂಟವರ್ನ ಎಲ್ಲಿಗೆ ಅಂತಾರೇನಲೇ? ನಮ್ಮವ್ವ ನಿನಗ ಅಷ್ಟೂ ಕಲಿಸಿಲ್ಲೇನು?"

ಅವರಿಗೆ ಅದೊಂದು ಮಾತ್ರ ನೆನಪಿತ್ತು. ಆ ಮಾತಿನ ಮರೆಯಲ್ಲೇ ಅವರು ಇಷ್ಟು ದಿನ ನಿಂತಿದ್ದರು, ಈಗಲೂ ನಿಂತಿದ್ದರು. ಅಲ್ಲಿಂದ ಅವರನ್ನು ಎಳೆದು ಹೊರಗೆ ತರುವ ಕಲ್ಲೆದೆ ನನಗಿಲ್ಲ.

"ತಪ್ಪಾತ್ರಿ" ಎಂದೆ. "ದೂರ ಹೊಂಟ್ರೇನು?"

ಅವರ ಮುಖ ಸಡಿಲವಾಯಿತು. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು, ಮುಂದಿನ ಓಣಿಯನ್ನು ನೋಡುತ್ತ, ತಲೆಯಾಡಿಸಿದರು.

"ಹೂಂ," ಎಂದರು, "ದೂರ."

ಕಾರು ನಿಂತೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ನಾನು ಕಿಟಕಿಯೊಳಗೆ ಕೈ ಚಾಚಿ ಕೀ ತಿರುಗಿಸಿ ಇಂಜಿನ್ ಆರಿಸಿದೆ. ಅವರು ತಡೆಯಲಿಲ್ಲ.